ಸೋಲೇ ಸೈ

"ಗುರುಗಳೇ, ನಮ್ಮ ತಂದೆ ಇಂಗ್ಲಿಷ್ ಪದಗಳನ್ನು ತಪ್ಪುತಪ್ಪಾಗಿ ಉಚ್ಚರಿಸುತ್ತಾರೆ. ನಾಲ್ಕು ಜನರ ನಡುವೆ ತಲೆ ತಗ್ಗಿಸುವಂತಾಗುತ್ತದೆ. ತಿದ್ದಿಬಿಡಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನ ಗರಡಿಯಲ್ಲಿ ಒಬ್ಬ ಉಸ್ತಾದನಿದ್ದ. ಅವನಿಗೆ ಬರುತ್ತಿದ್ದುದು ಒಂದೇ ಇಂಗ್ಲಿಷ್ ಪದ. ಸಾಂತ್ವನ ಎಂಬ ಅರ್ಥದ ಆ ಪದವನ್ನು ದಂಡಿನಿಂದ ಬಂದ ಯಾರೋ ಸಿಪಾಯಿ ಅಕ್ಷರ ಕೂಡಿಸಿ ಓದಿ, 'ಸೋಲೇಸ್' ಎಂದು ಹೇಳಿಕೊಟ್ಟಿದ್ದ. ಹುಡುಗರು ಕುಸ್ತಿಯಲ್ಲಿ ಚಿತ್ತಾಗಿ ಬಂದರೆ ಉಸ್ತಾದ ಬೈಯುತ್ತಿರಲಿಲ್ಲ. ಬೆನ್ನಿಗೆ ಎಣ್ಣೆ ತಿಕ್ಕುತ್ತ, "ಸೋಲೇಸ್ ಕಣೋ ಮಗನೆ, ಸೋಲೇಸ್" ಎನ್ನುತ್ತಿದ್ದ. ಹುಡುಗರ ಕಿವಿಗೆ ಅದು 'ಸೋಲೇ ಸೈ' ಎಂದು ಕೇಳುತ್ತಿತ್ತು. ಸೋತರೂ ಸೈ ಎನ್ನುವವರು ಒಬ್ಬರಿದ್ದಾರಲ್ಲ ಎಂದು ಕಣ್ಣೊರೆಸಿಕೊಂಡು ಮತ್ತೆ ಮಣ್ಣಿಗಿಳಿಯುತ್ತಿದ್ದರು. ಎಂಥ ಚೆಂದದ ದಿನಗಳವು!

ಅವರಲ್ಲೊಬ್ಬ ಓದಿ ಇಂಗ್ಲಿಷ್ ಪಂಡಿತನಾದ. ಒಮ್ಮೆ ಗರಡಿಗೆ ಬಂದಾಗ ಆ ಹಳೆಯ ಪದ ಕಿವಿಗೆ ಬಿತ್ತು. ಕಲಿತ ವಿದ್ಯೆ ಸುಮ್ಮನಿರಲು ಬಿಡುತ್ತದೆಯೇ?

"ಉಸ್ತಾದ್, ಅದು ಸೋಲೇಸ್ ಅಲ್ಲ, ಸಾಲಿಸ್" ಎಂದ.

"ಸಾಲಿಸ್ಸಾ? ಯಾರೋ ಸಾಲ ಕೇಳಿದ ಹಾಗಿದೆಯಲ್ಲೋ!" ಎಂದು ಉಸ್ತಾದ ನಕ್ಕ. ಆದರೆ ಹುಡುಗ ಓದಿದವನು. ಅವನ ಮಾತು ತೆಗೆದುಹಾಕುವುದುಂಟೆ? ಅಂದಿನಿಂದ ಹಾಗೆಯೇ ಹೇಳುವುದನ್ನು ರೂಢಿ ಮಾಡಿಕೊಂಡ.

ಕೆಲವು ವರ್ಷಗಳಾದ ಮೇಲೆ ಪಂಡಿತನ ಹೆಂಡತಿ ತೀರಿಕೊಂಡಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಅವನು ಜನರೆದುರು ಗಟ್ಟಿಯಾಗಿ ತಿರುಗಿದ. ಮನೆಯಲ್ಲಿ ಮಾತ್ರ ಕೂರಲಾಗಲಿಲ್ಲ. ಒಂದು ಸಂಜೆ ಗರಡಿಗೆ ನಡೆದ. ಅವನಿಗೆ ಬೇಕಿದ್ದುದು ಆ ಒಂದೇ ಮಾತು.

ಮುದುಕ ಉಸ್ತಾದ ಅವನನ್ನು ಹತ್ತಿರ ಕೂರಿಸಿಕೊಂಡ. ಬೆನ್ನು ಸವರಿ, ಎಲ್ಲಿಯೂ ತಪ್ಪದಂತೆ ಎಚ್ಚರವಹಿಸಿ, "ಸಾಲಿಸ್, ಮಗನೆ" ಎಂದ.

ಉಚ್ಚಾರ ಚೊಕ್ಕವಾಗಿತ್ತು. ಪಂಡಿತನ ಎದೆಗೆ ಅದು ತಾಗಲೇ ಇಲ್ಲ.

"ಮೊದಲು ಹೇಳುತ್ತಿದ್ದಿರಲ್ಲ, ಹಾಗೆ ಹೇಳಿ ಉಸ್ತಾದ್" ಎಂದು ಅಂಗಲಾಚಿದ.

ಉಸ್ತಾದ ನೆನಪಿಸಿಕೊಳ್ಳಲು ನೋಡಿದ. "ಅದು ತಪ್ಪಲ್ಲವೇನೋ? ನೀನು ಹೇಳಿದ ಮೇಲೆ ಮರೆತೇಬಿಟ್ಟೆ ಕಣೋ" ಎಂದ.

ಪಂಡಿತ ಮನೆಗೆ ಹೋಗುವ ದಾರಿಯಲ್ಲಿ ಆ ಪದವನ್ನು ತಾನೇ ಹೇಳಿ ನೋಡಿದ. ಅವನ ಬಾಯಲ್ಲಿ ಅದು ಬರೀ ತಪ್ಪು ಉಚ್ಚಾರವಾಗಿತ್ತು.

ಕತೆ ಮುಗಿಯಿತು. "ಹಾಗಾದರೆ ತಿದ್ದಬಾರದೇ, ಗುರುಗಳೇ?" ಎಂದು ಶಿಷ್ಯ ಮೆಲ್ಲಗೆ ಕೇಳಿದ.

"ತಿದ್ದು ಮಗು, ಮುಂದೊಂದು ದಿನ ಆ ತಪ್ಪನ್ನೇ ಕೇಳಬೇಕೆನಿಸಿದರೆ ಎಲ್ಲಿಗೆ ಹೋಗುತ್ತೀಯೆ?" ಎಂದರು ಗುರುಗಳು.