ಮುಚ್ಚಿಕೊಂಡ ಪೊರೆ

ಸೀತಾಪತಿ ಮೇಷ್ಟ್ರು ಮೂವತ್ತು ವರ್ಷ ಒಂದೇ ವಸ್ತುವಿನ ಮುಂದೆ ಕೂತವರು. ಅದು ರಕ್ತದ ಕೆಂಪು ಕಣದ ಪೊರೆ.

ಕಣವನ್ನು ಉಪ್ಪು ಕಡಿಮೆಯಿರುವ ತಣ್ಣೀರಿಗೆ ಹಾಕಿದರೆ ಅದು ಉಬ್ಬುತ್ತದೆ. ಪೊರೆ ಬಾಯಿಬಿಡುತ್ತದೆ. ಒಳಗಿನ ಕೆಂಪೆಲ್ಲ ಹೊರಗೆ ಹರಿಯುತ್ತದೆ. ತೊಳೆದು ತೊಳೆದು ಕೊನೆಗೆ ಉಳಿಯುವುದು ಹಾಲಿನ ಬಣ್ಣದ ಒಂದಿಷ್ಟು ಗಸಿ, ಬರೀ ಪೊರೆ. ಪ್ರಯೋಗಶಾಲೆಯಲ್ಲಿ ಎಲ್ಲರೂ ಅದನ್ನು ಭೂತ ಎನ್ನುತ್ತಿದ್ದರು.

ಆ ಭೂತವನ್ನು ಮತ್ತೆ ಉಪ್ಪುನೀರಿಗೆ ಹಾಕಿ, ಮೈಬಿಸಿಯಷ್ಟು ಕಾವು ಕೊಟ್ಟರೆ ಪೊರೆ ಮುಚ್ಚಿಕೊಳ್ಳುತ್ತದೆ. ಆದರೆ ಒಂದಿಡೀ ದಿನ ಮಂಜುಗಡ್ಡೆಯಲ್ಲಿ ಬರಿದಾಗಿ ಕೂತ ಪೊರೆ ಮಾತ್ರ ಇನ್ನೆಂದೂ ಮುಚ್ಚಿಕೊಳ್ಳುವುದಿಲ್ಲ. ಇದು ಮೇಷ್ಟ್ರು ಕಂಡುಕೊಂಡ ಮಾತು. ಅವರ ಹೆಸರು ನಿಂತದ್ದೇ ಇದರ ಮೇಲೆ.

ಹೇಮಾವತಿ ಅವರ ಕೊನೆಯ ಶಿಷ್ಯೆ. ಹಾಸನದ ಕಡೆಯ ನರ್ಸಮ್ಮನ ಮಗಳು, ಸೂಜಿ ಹಿಡಿಯುವುದನ್ನು ತಾಯಿಯಿಂದಲೇ ಕಲಿತವಳು.

“ನನ್ನ ಹಳೇ ಪ್ರಯೋಗಾನೇ ಇನ್ನೊಂದು ಸಲ ಮಾಡಮ್ಮ, ಕೈ ಪಳಗಲಿ” ಎಂದಿದ್ದರು ಮೇಷ್ಟ್ರು. ಅವರ ನಿವೃತ್ತಿಗೆ ಆಗ ಒಂದು ತಿಂಗಳಿತ್ತು.

ಒಂದು ದಿನ ಊಟಕ್ಕೆ ಹೋದವಳು ಗೆಳತಿಯ ಜೊತೆ ಮಾತಿಗೆ ಕೂತು ತಡಮಾಡಿದಳು. ಬಿಸಿನೀರಿನ ತೊಟ್ಟಿಯಲ್ಲಿ ಒಂದು ಗಂಟೆ ಇರಬೇಕಾದ ಕೊಳವೆಗಳು ಎರಡು ಗಂಟೆ ಇದ್ದವು.

ಕೆಟ್ಟಿತು ಎಂದುಕೊಳ್ಳುತ್ತಲೇ ಅಳೆದಳು. ದಿನವಿಡೀ ಬರಿದಾಗಿದ್ದ ಪೊರೆಗಳೇ ಅವು. ಪೊರೆ ತೆರೆದಿದ್ದರೆ ಸೋರಿಹೋಗಬೇಕಾಗಿದ್ದ, ಉಪ್ಪುನೀರಿನಿಂದ ಒಳಸೇರಿದ್ದ ಪೊಟ್ಯಾಸಿಯಂ ಒಳಗೇ ಕೂತಿತ್ತು.

ಪೊರೆ ಮುಚ್ಚಿಕೊಂಡಿತ್ತು.

ಅವಳು ಇನ್ನೂ ಮೂರು ಸಲ ಮಾಡಿ ನೋಡಿದಳು. ಒಂದು ಗಂಟೆಗೆ ತೆಗೆದರೆ ತೆರೆದೇ ಇರುತ್ತಿತ್ತು. ಎರಡು ಗಂಟೆ ಬಿಟ್ಟರೆ ಮುಚ್ಚಿರುತ್ತಿತ್ತು.

ಹೇಮಾವತಿಗೆ ಖುಷಿಯಾಗಲಿಲ್ಲ. ಮುಂದಿನ ವಾರ ಮೇಷ್ಟ್ರಿಗೆ ಸನ್ಮಾನ. ಆಹ್ವಾನಪತ್ರಿಕೆಯಲ್ಲಿ ಅವರ ಹೆಸರಿನ ಕೆಳಗೆ ಇದೇ ಸಂಶೋಧನೆಯ ಹೆಸರು ಅಚ್ಚಾಗಿತ್ತು.

ಕೊಳವೆಗಳನ್ನೆಲ್ಲ ತೊಳೆಯುವ ತೊಟ್ಟಿಗೆ ಸುರಿದಳು. ಪ್ರಯೋಗದ ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿ, ಮೇಷ್ಟ್ರ ಹಳೆಯ ಲೇಖನದಂತೆ ಬರಬೇಕಾಗಿದ್ದ ಅಂಕಿಗಳನ್ನು ಬರೆದಳು.

ಮೇಷ್ಟ್ರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಈ ರಕ್ತ ಯಾರದಮ್ಮ?”

“ನಂದೇ ಸರ್.”

“ಅಂಕಿ?”

ಅವಳು ಪುಸ್ತಕ ಮುಚ್ಚಲು ಕೈ ಚಾಚಿದಳು.

“ನನ್ನ ಅಂಕಿಗಳ ಗುರುತು ನನಗೆ ಸಿಗುತ್ತೆ” ಎಂದರು ಮೇಷ್ಟ್ರು. “ನಿನಗೆ ಏನು ಬಂತು?”

ಹೇಮಾವತಿ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ತನ್ನನ್ನು ಇಲ್ಲಿಂದ ಕಳಿಸಿಬಿಡುತ್ತಾರೆ ಎಂದೇ ಅವಳ ಎಣಿಕೆ.

ಮೇಷ್ಟ್ರು ಬೈಯಲಿಲ್ಲ. ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟರು.

“ತಗೋ.”

“ಸರ್, ನಿಮ್ಮ ರಕ್ತಾನಾ?”

“ಅದೂ ಕೆಂಪಗೇ ಇದೆ, ತಗೋ.”

ಅವಳು ಸೂಜಿ ಹಿಡಿದಳು. ನರ ಮೊದಲ ಚುಚ್ಚಿಗೇ ಸಿಕ್ಕಿತು.

ಆ ಕಣಗಳನ್ನು ಇಬ್ಬರೂ ಸೇರಿ ತಣ್ಣೀರಿಗೆ ಬಿಟ್ಟರು. ತೊಳೆದರು. ಒಂದು ದಿನ ಮಂಜುಗಡ್ಡೆಯಲ್ಲಿಟ್ಟರು. ಮರುದಿನ ಬಿಸಿನೀರಿನ ತೊಟ್ಟಿಗೆ ಇಳಿಸಿದರು. ಒಂದು ಗಂಟೆಯಾದಾಗ ಮೇಷ್ಟ್ರ ಕೈ ಅಭ್ಯಾಸಬಲದಿಂದ ಕೊಳವೆಯತ್ತ ಹೋಯಿತು. ಅವರೇ ಅದನ್ನು ಹಿಂದಕ್ಕೆ ಎಳೆದುಕೊಂಡರು.

ಎರಡನೆಯ ಗಂಟೆ ಮುಗಿಯುವವರೆಗೂ ಇಬ್ಬರೂ ತೊಟ್ಟಿಯ ಪಕ್ಕದಲ್ಲೇ ಕೂತರು.

ಆಮೇಲೆ ಅಳೆದದ್ದು ಮೇಷ್ಟ್ರೇ. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಅಳೆದರು.

“ಮುಚ್ಚಿಕೊಂಡಿದೆ” ಎಂದರು.

“ನಾನು ಬರೆದ ಆ ಹಾಳೆ ಹರಿದುಹಾಕಲಾ ಸರ್?”

“ಬೇಡ, ಪುಸ್ತಕದಲ್ಲೇ ಇರಲಿ. ಕೆಳಗೊಂದು ಸಾಲು ಸೇರಿಸು.”

“ಏನಂತ?”

“ಇದನ್ನು ಹೆದರಿ ಬರೆದೆ, ಅಂತ. ತಾರೀಖು ಹಾಕಿ ಸಹಿ ಮಾಡು.”

ಅವಳು ಬರೆದು ಸಹಿ ಮಾಡಿದಳು. ಮೇಷ್ಟ್ರು ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಕೆಳಗೆ ತಾವೂ ಒಂದು ಸಾಲು ಬರೆದರು: ಇವಳು ಹೆದರುವ ಹಾಗೆ ನಾನು ಇದ್ದೆ.

ಅವರೂ ತಾರೀಖು ಹಾಕಿ ಸಹಿ ಮಾಡಿದರು.

ಸನ್ಮಾನದ ದಿನ ಸಭಾಂಗಣ ತುಂಬಿತ್ತು. ಹಳೆಯ ಶಿಷ್ಯರು ದೂರದೂರದಿಂದ ಬಂದಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿದವರೆಲ್ಲ ಮುಚ್ಚಿಕೊಳ್ಳದ ಪೊರೆಯ ಸಂಗತಿಯನ್ನೇ ಹೊಗಳಿದರು. ಹಿಂದಿನ ಸಾಲಿನಲ್ಲಿದ್ದ ಹೇಮಾವತಿಗೆ ಎದ್ದುಹೋಗೋಣ ಅನ್ನಿಸಿತು.

ಕೊನೆಗೆ ಮೇಷ್ಟ್ರು ಎದ್ದರು.

“ನನ್ನ ಹೆಸರಿನಲ್ಲಿ ಒಂದು ಮಾತು ಓಡಾಡ್ತಾ ಇದೆ. ಅದು ತಪ್ಪು. ಎರಡು ಗಂಟೆ ಕಾದರೆ ಪೊರೆ ಮುಚ್ಚಿಕೊಳ್ಳುತ್ತೆ. ಅದನ್ನ ಕಂಡವಳು ಹೇಮಾವತಿ, ಅಗೋ ಅಲ್ಲಿ ಕೂತಿದ್ದಾಳೆ. ಲೇಖನವನ್ನೂ ಅವಳೇ ಬರೀತಾಳೆ.”

ಅಷ್ಟು ಹೇಳಿ ಕೂತುಬಿಟ್ಟರು.

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಜನ ಒಬ್ಬೊಬ್ಬರಾಗಿ ತಿರುಗಿ ಅವಳನ್ನು ನೋಡಿದರು.

ಸಂಜೆ ಪ್ರಯೋಗಶಾಲೆಯಲ್ಲಿ ಮೇಷ್ಟ್ರು ತಮ್ಮ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಹೇಮಾವತಿ ಬಾಗಿಲಲ್ಲಿ ನಿಂತಳು.

“ನಿಮ್ಮ ಮೂವತ್ತು ವರ್ಷಾನ ನಾನು ಹಾಳುಮಾಡಿದೆ ಸರ್.”

“ನೀನು ಯಾಕಮ್ಮ ಹಾಳುಮಾಡ್ತೀಯ? ಮೂವತ್ತು ವರ್ಷವೂ ನಾನೇ ಒಂದು ಗಂಟೆ ಮೊದಲು ಎದ್ದುಹೋದೆ.”

ಅವರ ದನಿಯಲ್ಲಿ ನೋವಿತ್ತು. ಅದನ್ನು ಅವರು ಮರೆಮಾಚಲೂ ಇಲ್ಲ.

ಹೇಮಾವತಿ ಒಳಗೆ ಬಂದು ಪುಸ್ತಕಗಳನ್ನು ಎತ್ತಿಕೊಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಧೈರ್ಯ ಬಂತು. ಎಷ್ಟೋ ದಿನದಿಂದ ಒಳಗೇ ಅದುಮಿಟ್ಟುಕೊಂಡಿದ್ದ ಸಂತೋಷವೂ ಮೆಲ್ಲಗೆ ಮೇಲೆ ಬಂತು.

“ಹಾಗಾದರೆ ಸರ್, ಬರಿದಾದ ಪೊರೆ ಯಾವಾಗಲೂ ಮುಚ್ಚಿಕೊಳ್ಳುತ್ತೆ ಅಂತ ಬರೆದುಬಿಡಲಾ?”

ಮೇಷ್ಟ್ರು ಪೆಟ್ಟಿಗೆಯಿಂದ ತಲೆಯೆತ್ತಿದರು.

“ಮೂರನೇ ಗಂಟೆ ನೋಡಿದೆಯಾ?”