ಕೊಕ್ಕರೆ ಎಳೆದ ಗೆರೆ

ಕೆರೆಯಂಗಳದ ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯುತ್ತಿದ್ದುದು ಮೊಲ. ಹಿಂದಿನ ವರ್ಷ ಅದರ ಎಡತೊಡೆಯ ಹಿಂಬದಿಯ ಸ್ನಾಯು ಹರಿದು, ಮತ್ತೆ ಕೂಡಿಕೊಂಡಿತ್ತು. ಪ್ರತಿಯೊಬ್ಬ ಆಟಗಾರನೂ ದಣಿವಿಲ್ಲದಾಗ ಒಂಟಿಕಾಲಿನಲ್ಲಿ ಎಷ್ಟು ದೂರ ಜಿಗಿಯಬಲ್ಲನೆಂದು ತಂಡವನ್ನು ನೋಡಿಕೊಳ್ಳುವ ಅಜ್ಜಿ ಕೊಕ್ಕರೆ ನೆಲದ ಮೇಲೆ ಕೊಕ್ಕಿನಿಂದ ಗೆರೆ ಎಳೆದಿಟ್ಟಿತ್ತು. ಪಂದ್ಯವಾಡಿ ದಣಿದ ಮೇಲೆ ಮತ್ತೆ ತನ್ನ ಗೆರೆ ಮುಟ್ಟಿದವನಿಗೇ ಮುಂದಿನ ಆಟ.

ಭಾನುವಾರ ಒಂದು ಪಂದ್ಯ ಮುಗಿಯಿತು. ಬುಧವಾರ ಕೋತಿಗಳ ತಂಡದ ವಿರುದ್ಧ ಫೈನಲ್. ಮಂಗಳವಾರ ಅದೇ ತಂಡದ ಜಿಂಕೆ ತನ್ನ ಗೆರೆಯನ್ನು ಸುಲಭವಾಗಿ ಮುಟ್ಟಿತು. ಮೊಲದ ಎಡಗಾಲು ನಾಲ್ಕು ಬೆರಳು ಹಿಂದೆ ಬಿತ್ತು.

“ಒಂಚೂರೂ ನೋವಿಲ್ಲ ಅಜ್ಜಿ,” ಎಂದಿತು ಮೊಲ.

“ನೋವನ್ನು ಯಾರು ಕೇಳಿದರು? ನಾನು ಅಳೆದದ್ದು ಬಲವನ್ನು. ಒಮ್ಮೆ ಹರಿದ ಸ್ನಾಯು ದಣಿವಿನಿಂದ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ.”

ಬುಧವಾರ ಬೆಳಿಗ್ಗೆ ಕೊಕ್ಕರೆ ಮೀನು ಹಿಡಿಯಲು ಹೋದಾಗ ಮೊಲ ತನ್ನ ಗೆರೆಯನ್ನು ಅಳಿಸಿ, ನಾಲ್ಕು ಬೆರಳು ಹಿಂದಕ್ಕೆ ಹೊಸದನ್ನು ಎಳೆಯಿತು. ಅಜ್ಜಿ ಬಂದೊಡನೆ ಜಿಗಿದು, “ಮುಟ್ಟಿದೆ ನೋಡಿ,” ಎಂದು ಮೀಸೆ ತಿರುವಿತು.

“ಗೆರೆಗೆ ಬುದ್ಧಿ ಹೇಳಿ ಹಿಂದೆ ಸರಿಸಿದ್ದೀಯ,” ಎಂದಿತು ಕೊಕ್ಕರೆ. “ಕಾಲಿಗೂ ಹೇಳಿದ್ದೀಯಾ? ಅಗೋ, ಆ ಕೆಸರುಗುಂಡಿ ನಿನ್ನ ಹಳೆಯ ಗೆರೆ ಎಷ್ಟು ದೂರವಿತ್ತೋ ಅಷ್ಟೇ ಅಗಲ. ಎಡಗಾಲಿನಲ್ಲಿ ದಾಟು, ಫೈನಲ್ ಆಡು.”

ಮೊಲ ಗುಂಡಿಯ ಅಂಚಿಗೆ ಹೋಗಿ, ಅಗಲವನ್ನು ಕಣ್ಣಲ್ಲೇ ಅಳೆದು, ಜಿಗಿಯದೆ ಹಿಂದೆ ಸರಿಯಿತು.

“ನನ್ನ ಜಾಗದಲ್ಲಿ ಆಡುವ ಜಿಂಕೆಗೆ ಹೇಳಿ,” ಎಂದಿತು ಕೊನೆಗೆ. “ಕೋತಿಗಳ ಗೋಲ್‌ಕೀಪರ್ ತನ್ನ ಬಲಕ್ಕೆ ಹಾರಲು ತಡಮಾಡುತ್ತಾನೆ.”

ಆ ಸಂಜೆ ಜಿಂಕೆ ಹೊಡೆದ ಗೋಲು ಅವನ ಬಲಕ್ಕೇ ಬಿತ್ತು. ಕೆರೆದಂಡೆಯಲ್ಲಿ ಕೊಕ್ಕರೆ ಎಂದಿನಂತೆ ಒಂದು ಕಾಲು ಮಡಿಚಿ ನಿಂತಿತ್ತು. ಪಕ್ಕದಲ್ಲಿ ಮೊಲವೂ ಎಡಗಾಲು ಮಡಿಚಿಕೊಂಡಿತ್ತು.