ಬಿಸಿಲಿಲ್ಲದ ಬಯಲು

"ಗುರುಗಳೇ, ನಾನು ಕಟ್ಟಿದ ಜಾಲವನ್ನು ಕಂಪ್ಯೂಟರಿನೊಳಗೆ ಸಾವಿರ ಸಲ ಓಡಿಸಿ ನೋಡಿದೆ. ಒಂದು ಸಲವೂ ಸಂದೇಶ ತಪ್ಪಲಿಲ್ಲ. ಇನ್ನು ಇದನ್ನು ಜನರ ಕೈಗೆ ಕೊಡಬಹುದಲ್ಲವೇ?"

ಹೀಗೆ ಕೇಳಿದವಳು ನಿಸ್ತಂತು ಜಾಲಗಳ ವಿದ್ಯೆ ಕಲಿಯುತ್ತಿದ್ದ ಶಿಷ್ಯೆ. ಒಂದೇ ಒಂದು ಟವರನ್ನೂ ನೆಡದೆ, ಒಂದೇ ಒಂದು ಫೋನನ್ನೂ ಮುಟ್ಟದೆ, ಅವೆಲ್ಲ ಇದ್ದರೆ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಪರದೆಯ ಮೇಲೆ ನಡೆಸಿ ನೋಡುವುದು ಅವಳ ಕೆಲಸ. ಅದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಎರಡು ವರ್ಷ ಅದರ ಮುಂದೆಯೇ ಕೂತು ದುಡಿದಿದ್ದಳು. ಹೌದು ಎಂಬ ಒಂದು ಮಾತಿಗಾಗಿ ಈಗ ಗುರುವಿನ ಮುಖ ನೋಡುತ್ತಿದ್ದಳು.

ಗುರು ನಕ್ಕರು. "ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನದು ಹೆಗ್ಗಣ ಎಂದು ನಾನು ಹೇಳುತ್ತಿಲ್ಲ, ಮುನಿಸಿಕೊಳ್ಳಬೇಡ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಅವರು ಹೇಳಿದ ಕತೆ ಇದು.

ಒಬ್ಬ ಇಂಜಿನಿಯರ್ ಇದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಂದೆ ಹೋದಂತೆ ನಿನಗೆ ಅವನ ಮೇಲೆ ಸಿಟ್ಟು ಬರಬಹುದು. ನನಗಂತೂ ಬಂದಿಲ್ಲ.

ಒಮ್ಮೆ ಅವನು ಬಸ್ಸಿನಲ್ಲಿ ಹೋಗುತ್ತಿದ್ದಾಗ ಒಬ್ಬ ಕುರಿಗಾರ ದಾರಿಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿದ. ಹಾವು ಕಚ್ಚಿದ ತಮ್ಮನನ್ನು ಬೆನ್ನ ಮೇಲೆ ಹೊತ್ತು ಎರಡು ಹರದಾರಿ ನಡೆದು ಬಂದಿದ್ದ. ತಮ್ಮ ಬಸ್ಸಿನಲ್ಲೇ ತೀರಿಕೊಂಡ. ಕುರಿಗಾರರು ವರ್ಷದಲ್ಲಿ ಎಂಟು ತಿಂಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೇವು ಹುಡುಕಿ ಅಲೆಯುವವರು. ಅವರು ಬೀಡು ಬಿಡುವ ಬಯಲುಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅದನ್ನು ತಿಳಿದ ಮೇಲೆ ಇಂಜಿನಿಯರನಿಗೆ ಕೆಲವು ದಿನ ಊಟ ರುಚಿಸಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಟವರ್ ಇಲ್ಲದಿದ್ದರೇನು, ಕುರಿ ಇದೆಯಲ್ಲ! ಪ್ರತಿ ಕುರಿಯ ಕೊರಳಿಗೂ ಬೆಂಕಿಪೊಟ್ಟಣದಷ್ಟು ಚಿಕ್ಕ ಸಾಧನವೊಂದನ್ನು ಕಟ್ಟುವುದು. ಕುರಿಗಾರನ ಕೈಗೆ ಒಂದು ಗುಂಡಿ ಕೊಡುವುದು. ಅವನು ಗುಂಡಿ ಒತ್ತಿದರೆ ಸಂದೇಶ ಹತ್ತಿರದ ಕುರಿಗೆ ಹೋಗಬೇಕು, ಅದರಿಂದ ಮುಂದಿನ ಕುರಿಗೆ, ಅದರಿಂದ ಪಕ್ಕದ ಹಿಂಡಿಗೆ. ಹೀಗೆ ಕೊರಳಿಂದ ಕೊರಳಿಗೆ ಹಾದು ರಸ್ತೆ ಬದಿಯ ಟವರನ್ನು ಮುಟ್ಟಿ, ಊರಿನ ನರ್ಸಿಗೆ ಸೇರಬೇಕು.

ಅವನು ಆತುರಗಾರನೂ ಅಲ್ಲ. ಏಳು ದಿನ ಬೆಳಿಗ್ಗೆ ಜೀಪು ಹತ್ತಿ ಬೀಡಿಗೆ ಹೋದ. ಕುರಿ ಎಣಿಸಿದ. ಅವು ಎಷ್ಟು ಬೇಗ ನಡೆಯುತ್ತವೆ, ಎಷ್ಟು ದೂರ ಹರಡುತ್ತವೆ ಎಂದು ಬರೆದುಕೊಂಡ. ಬಿಸಿಲೇರುವ ಮೊದಲು ಹಿಂದಿರುಗಿ ಆಫೀಸು ಸೇರಿದ. ಪರದೆಯ ಮೇಲೆ ಒಂದು ಬಯಲು ಬರೆದು ಅದರಲ್ಲಿ ಆರುನೂರು ಚುಕ್ಕಿ ಬಿಟ್ಟ. ಒಂದು ಚುಕ್ಕಿ ಎಂದರೆ ಒಂದು ಕುರಿ. ಚುಕ್ಕಿ ತನಗೆ ತೋಚಿದ ಕಡೆ ನಡೆಯುತ್ತದೆ, ಸ್ವಲ್ಪ ನಿಲ್ಲುತ್ತದೆ, ಮತ್ತೆ ಇನ್ನೊಂದು ಕಡೆ ನಡೆಯುತ್ತದೆ. ನೀನೂ ಹೀಗೇ ಬರೆದಿದ್ದೀಯೆ, ನನಗೆ ಗೊತ್ತು. ನಾಚಿಕೊಳ್ಳಬೇಡ, ಎಲ್ಲರೂ ಹಾಗೇ ಬರೆಯುತ್ತಾರೆ. ಲೆಕ್ಕಕ್ಕೆ ಅದು ಸಲೀಸು.

ಸಾವಿರ ಸಲ ಓಡಿಸಿದ. ಸಾವಿರ ಸಲವೂ ಎರಡು ನಿಮಿಷದೊಳಗೆ ಸಂದೇಶ ಟವರು ಮುಟ್ಟಿತು.

ಅವನ ಸಂತೋಷಕ್ಕೆ ಪಾರವಿರಲಿಲ್ಲ. ಐದು ಹಿಂಡಿನ ಕುರಿಗಳ ಕೊರಳಿಗೆ ತಾನೇ ಕೂತು ಸಾಧನ ಕಟ್ಟಿದ. ಗುಂಡಿಯನ್ನು ಬೀಡಿನ ಹಿರಿಯನಾದ ಒಬ್ಬ ಕುರಿಗಾರನ ಕೈಗೆ ಕೊಟ್ಟು, "ಇನ್ನು ಮೇಲೆ ನೀವು ಓಡಬೇಡಿ. ಇದನ್ನು ಒತ್ತಿ. ಕೆಂಪು ದೀಪ ಮಿನುಗಿದರೆ ಸಂದೇಶ ಹೊರಟಿತು ಎಂದು ತಿಳಿಯಿರಿ. ಮನೆಯವರ ಪಕ್ಕದಲ್ಲೇ ಇರಿ, ನರ್ಸು ಬರುತ್ತಾರೆ" ಎಂದ. ಕುರಿಗಾರ ಅದನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡ.

ಚಳಿಗಾಲ ಕಳೆಯಿತು. ಒಂದು ಬೆಳಿಗ್ಗೆ ಮುದುಕಿಯೊಬ್ಬಳಿಗೆ ಜ್ವರ ಏರಿದಾಗ ಗುಂಡಿ ಒತ್ತಿದರು, ನರ್ಸು ಬಂದಳು. ಒಂದು ಸಂಜೆ ನಾಯಿ ಕಚ್ಚಿದಾಗಲೂ ಬಂದಳು. ಬೀಡಿನ ಜನಕ್ಕೆ ಧೈರ್ಯ ಬಂತು. ಕುರಿಗಾರನ ಸೊಸೆ ಮಾಳವ್ವ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕಳಿಸುವುದು ಬೇಡ, ನರ್ಸು ಬೀಡಿಗೇ ಬರುತ್ತಾಳಲ್ಲ ಎಂದು ಅವಳನ್ನು ತಮ್ಮೊಂದಿಗೇ ಇಟ್ಟುಕೊಂಡರು.

ಚೈತ್ರದ ಒಂದು ನಡುಮಧ್ಯಾಹ್ನ ಮಾಳವ್ವನಿಗೆ ನೋವು ಕಾಣಿಸಿಕೊಂಡಿತು. ಇನ್ನೂ ದಿನ ತುಂಬಿರಲಿಲ್ಲ. ಕುರಿಗಾರ ಗುಂಡಿ ಒತ್ತಿದ. ಕೆಂಪು ದೀಪ ಮಿನುಗಿತು. ಅವನು ಸೊಸೆ ಮಲಗಿದ್ದ ಗುಡಾರದ ಹೊರಗೆ ಕೂತು ಕಾಯತೊಡಗಿದ. ಮೊದಲಿನಂತಿದ್ದರೆ ಓಡುತ್ತಿದ್ದ. ಓಡಿದ್ದರೆ ಒಂದು ಗಂಟೆಯಲ್ಲಿ ರಸ್ತೆ ಮುಟ್ಟುತ್ತಿದ್ದ. ಆದರೆ ಓಡಬೇಡಿ ಎಂದು ಓದಿದವನು ಹೇಳಿದ್ದ, ದೀಪವೂ ಮಿನುಗುತ್ತಿತ್ತು.

ಆ ಹೊತ್ತಿಗೆ ಬಯಲಿನಲ್ಲಿ ಏನಾಗಿತ್ತು ಗೊತ್ತೇ? ಬಿಸಿಲು ಏರಿದರೆ ಕುರಿ ಮೇಯುವುದಿಲ್ಲ. ನೆರಳಿಲ್ಲದ ಬಯಲಿನಲ್ಲಿ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ, ಇಡೀ ಹಿಂಡು ಒಂದೇ ಮುದ್ದೆಯಾಗಿ ನಿಂತುಬಿಡುತ್ತದೆ. ಬೆಳಿಗ್ಗೆ ಬೀಡಿನಿಂದ ರಸ್ತೆಯವರೆಗೆ ಹರಡಿದ್ದ ಐದು ಹಿಂಡುಗಳು ಐದು ಮುದ್ದೆಗಳಾಗಿದ್ದವು. ಕೊರಳಿನ ಸಾಧನಗಳೆಲ್ಲ ಮೈಗಳ ನಡುವೆ ಹೂತುಹೋಗಿದ್ದವು. ರೇಡಿಯೊ ಅಲೆ ಗಾಳಿಯಲ್ಲಿ ಓಡಿದಂತೆ ಮಾಂಸದಲ್ಲಿ ಓಡುವುದಿಲ್ಲ. ಸಂದೇಶ ಮೊದಲನೆಯ ಹಿಂಡಿನೊಳಗೇ ನಿಂತಿತ್ತು.

ಹೊತ್ತು ಇಳಿದ ಮೇಲೆ ಕುರಿಗಳು ತಲೆ ಎತ್ತಿದವು. ಸಂದೇಶ ಎರಡೇ ನಿಮಿಷದಲ್ಲಿ ಟವರು ಮುಟ್ಟಿತು. ನರ್ಸು ಅರ್ಧ ಗಂಟೆಯಲ್ಲಿ ಬಂದಳು. ಮಾಳವ್ವ ಬದುಕಿದಳು. ಕೂಸು ಉಳಿಯಲಿಲ್ಲ.

ಸುದ್ದಿ ತಿಳಿದು ಇಂಜಿನಿಯರ್ ಬೀಡಿಗೆ ಓಡಿ ಬಂದ. ನೆಲ ನೋಡುತ್ತ ಕೂತ. ಕುರಿಗಾರ ಅವನನ್ನು ಬೈಯಲಿಲ್ಲ. ಅದೇ ಇಂಜಿನಿಯರನಿಗೆ ಹೆಚ್ಚು ಕಷ್ಟವಾಯಿತು. ಮುಂದೆ ರೊಟ್ಟಿ, ಖಾರದ ಹಿಂಡಿ ಇಟ್ಟು, "ಹಿಂಗ್ಯಾಕ ಕುಂತೀರಿ ಸಾಹೇಬ್ರ? ತಿನ್ರಿ. ನಮ್ಮ ಸಲುವಾಗಿ ಮಾಡಿದ್ರಿ, ನನಗಷ್ಟೂ ತಿಳಿಯಂಗಿಲ್ಲೇನು?" ಎಂದ.

ಇಂಜಿನಿಯರನ ಕಣ್ಣು ತುಂಬಿ ಬಂತು. "ಬಿಸಿಲಿಗೆ ಕುರಿ ಹೀಗೆ ನಿಲ್ಲುತ್ತದೆ ಎಂದು ನನಗೆ ಯಾಕೆ ಹೇಳಲಿಲ್ಲ, ಯಜಮಾನರೇ?"

"ನೀವು ಕೇಳಲಿಲ್ಲರೀ. ಕುರಿ ಹಿಂಗ ನಿಂದರ್ತಾವು ಅನ್ನೂದು ನಮ್ಮ ಸಣ್ಣ ಹುಡುಗ್ರಿಗೂ ಗೊತ್ತಿರೂ ಮಾತು. ಇಷ್ಟು ದೊಡ್ಡದು ಮಾಡಿದವ್ರಿಗೆ ಗೊತ್ತಿರಂಗಿಲ್ಲೇನು ಅಂತ ನಾ ಸುಮ್ನಿದ್ದೆ." ಕುರಿಗಾರ ಹಿಂಡಿನಲ್ಲಿದ್ದ ಆಡುಗಳ ಕಡೆ ಕೈ ತೋರಿಸಿದ. "ಆಡಿನ ಕೊಳ್ಳಿಗೆ ಕಟ್ಟಿ ನೋಡ್ರಿ. ಆಡು ಬಿಸಲಿಗೆ ಅಂಜಿ ತಲಿ ಬಗ್ಗಸಂಗಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ರಿ, ನಡು ಮಧ್ಯಾನದಾಗೂ ಹಿಂಗಾಲ ಮ್ಯಾಲೆ ನಿಂತು ಜಾಲಿ ಗಿಡ ಜಗ್ತಿರ್ತೈತಿ. ಹಿಂಡಿಗೆ ಹತ್ತಿಪ್ಪತ್ತು ಆಡು ಇದ್ದ ಇರ್ತಾವು."

ಇಲ್ಲಿಗೆ ಗುರು ಕತೆ ನಿಲ್ಲಿಸಿ ನೀರು ಕುಡಿದರು.

ಶಿಷ್ಯೆಗೆ ತಡೆಯಲಾಗಲಿಲ್ಲ. "ಹಾಗಾದರೆ ಅವನು ಆಡಿನ ಕೊರಳಿಗೆ ಕಟ್ಟಿದನಲ್ಲವೇ?"

"ಕಟ್ಟಿದ. ಆದರೆ ಆವತ್ತಲ್ಲ, ಮರುವರ್ಷ" ಎಂದರು ಗುರು. "ಆಮೇಲೆ ಆ ಬೀಡುಗಳಲ್ಲಿ ಹುಟ್ಟಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿವೆ. ಅದರಲ್ಲಿ ಒಂದು ಮಾಳವ್ವನದೇ."

ಶಿಷ್ಯೆಯ ಮುಖ ಅರಳಿತು. "ಅಂದರೆ ಸಿಮ್ಯುಲೇಶನ್ನಿನ ಸಹವಾಸವೇ ಬೇಡ ಎಂದು ಬಿಟ್ಟುಬಿಟ್ಟ."

"ಅಲ್ಲೇ ನೀನು ಎಡವಿದೆ. ಬಿಟ್ಟಿದ್ದರೆ ಆಡಿನ ಮಾತು ನಿಜವೋ ಸುಳ್ಳೋ ಎಂದು ಹೇಗೆ ತಿಳಿಯಬೇಕು? ಮತ್ತೊಬ್ಬ ಬಸುರಿಯ ಮೇಲೆ ಪರೀಕ್ಷೆ ಮಾಡಿಯೇ? ಅವನಿಗೆ ಆ ಎದೆಗಾರಿಕೆ ಇರಲಿಲ್ಲ, ಪುಣ್ಯ. ಅವನು ಒಂದು ತಿಂಗಳು ಬೀಡಿನಲ್ಲೇ ಉಳಿದು, ದಿನವೂ ಮಧ್ಯಾಹ್ನ ತಲೆಗೆ ವಲ್ಲಿ ಸುತ್ತಿಕೊಂಡು ಕುರಿಗಳ ನಡುವೆ ಕೂತ. ಆಮೇಲೆ ಪರದೆಯ ಮುಂದೆ ಬಂದ. ಬಯಲಿಗೆ ಬಿಸಿಲು ಹಾಕಿದ. ಚುಕ್ಕಿಗೆ ಮೈ ಕೊಟ್ಟ. ಚೈತ್ರದ ಆ ಮಧ್ಯಾಹ್ನವನ್ನೇ, ಸಾಧನಗಳು ಕುರಿಗಳ ಕೊರಳಲ್ಲೇ ಇದ್ದ ಹಾಗೆ, ಮತ್ತೆ ಕಟ್ಟಿ ಗುಂಡಿ ಒತ್ತಿದ. ಸಂದೇಶ ಟವರು ಮುಟ್ಟಿತು. ಅವನು ಎದ್ದು ಮತ್ತೆ ಬಯಲಿಗೆ ಹೋದ. ಎಷ್ಟು ಕುರಿ ತಲೆ ತೂರಿಸುತ್ತವೆ, ಎಷ್ಟು ಹೊತ್ತು ಹಾಗೇ ನಿಲ್ಲುತ್ತವೆ ಎಂದು ನೋಡಿ ಬಂದು ಸೇರಿಸಿದ. ಗುಂಡಿ ಒತ್ತಿದ. ಮತ್ತೆ ಮುಟ್ಟಿತು. ಮತ್ತೆ ಎದ್ದು ಹೋದ. ಮಳೆಗಾಲ ಬರುವವರೆಗೂ ಇದೇ ಆಯಿತು."

ಶಿಷ್ಯೆಗೆ ಅರ್ಥವಾಗಲಿಲ್ಲ. "ಸಂದೇಶ ಮುಟ್ಟಿದ ಮೇಲೆ ಮತ್ತೆ ಯಾಕೆ ಹೋಗಬೇಕು, ಗುರುಗಳೇ? ತಾನು ಕಟ್ಟಿದ್ದು ಸರಿಯಾಗಿದೆ ಎಂದು ಅವನು ನಂಬಿದ್ದಾದರೂ ಯಾವತ್ತು?"

ಗುರು ಮೆಲ್ಲನೆ ಹೇಳಿದರು: "ಸಂದೇಶ ಹಿಂಡಿನೊಳಗೇ ನಿಂತು, ಮಾಳವ್ವನ ಕೂಸು ಆ ಪರದೆಯ ಮೇಲೂ ಉಳಿಯದೆ ಹೋದ ದಿನ."